ಮೊಗ್ಗು ಬಿರಿಯುವ ತನಕ

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ನಾವು ಕಾಲಿಟ್ಟಾಗ ಬೆಳಗಿನ ಆರು ಗಂಟೆ. ಚೈತ್ರ ಕಳೆಯುತ್ತಿದ್ದ ದಿನಗಳು; ಮಲ್ಲಿಗೆಗೆ ಸುಗ್ಗಿ. ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿಗಳನ್ನೆಲ್ಲ ದಾಟಿ ಬಂದ ಅತ್ತಿಗೆ, ಒದ್ದೆ ಬಟ್ಟೆ ಹೊದ್ದು ಕೂತಿದ್ದ ಸಣ್ಣದೊಂದು ಬುಟ್ಟಿಯ ಮುಂದೆ ನಿಂತುಬಿಟ್ಟರು. ಹೂ ಮಾರುವಾಕೆ ಬಟ್ಟೆ ಸರಿಸಿದರು. ಒಳಗೆ ಮೈಸೂರು ಮಲ್ಲಿಗೆ. ಬಿಳುಪಿನ ಬುಡದಲ್ಲಿ ತುಸುವೇ ಹಸಿರು ಉಳಿದ ಬಿಗಿ ಮೊಗ್ಗುಗಳು. ಒಂದೂ ಅರಳಿರಲಿಲ್ಲ.

“ಎಲ್ಲಾ ಮೊಗ್ಗನ ಅದಾವಲ್ಲ. ವಾಸನೀನೂ ಇಲ್ಲ” ಅಂದರು ಧಾರವಾಡದ ಅತ್ತಿಗೆ.

“ಈಗಲೇ ಬಿರಿದಿರೋದು ತಗೊಂಡ್ರೆ ಮಧ್ಯಾಹ್ನಕ್ಕೆ ಬಾಡೋಯ್ತದೆ ಅಮ್ಮಾ. ಎಲೇಲಿ ಕಟ್ಕೊಡ್ತೀನಿ, ಸಂಜೆ ಮುಡ್ಕಳಿ. ದೀಪ ಹಚ್ಚೋ ಹೊತ್ಗೆ ತಾನಾಗೇ ಬಿರೀತದೆ” ಅಂದರು ಆಕೆ.

ಎರಡು ಮೊಳ ಅಳೆದು, ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಲ್ಲೇ ಕಟ್ಟಿ, ನಾಲ್ಕು ಹನಿ ನೀರು ಚಿಮುಕಿಸಿ ಕೊಟ್ಟರು. ಆ ಪೊಟ್ಟಣ ಅತ್ತಿಗೆಯ ಕೈಚೀಲ ಸೇರಿತು. ಅದೇ ಚೀಲದಲ್ಲಿ ಇನ್ನೊಂದು ವಸ್ತುವಿತ್ತು: ಮಗ ಬರೆದುಕೊಟ್ಟಿದ್ದ ಪಟ್ಟಿ. ಒಂದೇ ದಿನದಲ್ಲಿ ನೋಡಬೇಕಾದ ಹದಿನಾಲ್ಕು ಜಾಗಗಳು, ಪ್ರತಿಯೊಂದರ ಮುಂದೆಯೂ ಇಂತಿಷ್ಟು ನಿಮಿಷವೆಂಬ ಲೆಕ್ಕ. ಬಂದ ನೆಂಟರನ್ನು ಹಾಗೆ ಸುತ್ತಿಸಿ ಕಳಿಸುವುದು ಮೈಸೂರಿನವರಾದ ನಮಗೂ ರೂಢಿಯೇ. ಆದರೆ ಅತ್ತಿಗೆ ಹಿಂದಿನ ರಾತ್ರಿಯೇ ಪಟ್ಟಿಯನ್ನು ಮಡಿಸಿ ಹೇಳಿದ್ದರು: “ಹದಿನಾಕ ಊಟ ಒಂದ ದಿನಾ ಉಣ್ಣಾಕ ಆಗ್ತದೇನು? ನಾಕ ತೋರಸು, ಆದರ ಸಮಾಧಾನಲೆ ತೋರಸು.”

ಮಾರುಕಟ್ಟೆಯಲ್ಲೇ ಒಂದು ಗಂಟೆ ಕಳೆಯಿತು. ಹಿತ್ತಾಳೆ ತಟ್ಟೆಗಳಲ್ಲಿ ಗೋಪುರದ ಹಾಗೆ ತೀಡಿ ನಿಲ್ಲಿಸಿದ ಕುಂಕುಮ, ಅರಿಸಿನ, ರಂಗೋಲಿಯ ನೀಲಿ. ಅದರಾಚೆ ಬಾಳೆಗೊನೆಗಳ ಸಾಲು. ನಂಜನಗೂಡಿನ ರಸಬಾಳೆ ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಏಲಕ್ಕಿ ಬಾಳೆ. ಆಮೇಲೆ ವೀಳ್ಯದೆಲೆಯವರು. ಮೈಸೂರಿನ ಚಿಗುರೆಲೆಯನ್ನು ಕೈಯಲ್ಲಿ ಹಿಡಿದರೆ ಎಲೆ ಹಿಡಿದ ಹಾಗಿರುವುದಿಲ್ಲ, ಎಳೆಯ ಮಗುವಿನ ಕಿವಿ ಮುಟ್ಟಿದ ಹಾಗಿರುತ್ತದೆ. ಬಾಯಿಗಿಟ್ಟರೆ ನಾರಿಲ್ಲದೆ ಕರಗುತ್ತದೆ, ಕರಗಿದ ಮೇಲೆ ಸಣ್ಣ ಖಾರ ನಾಲಿಗೆಯ ತುದಿಯಲ್ಲಿ ಕೂತಿರುತ್ತದೆ. ನಗರದ ದಕ್ಷಿಣಕ್ಕೆ, ನಂಜನಗೂಡಿನ ದಾರಿಯ ಆಸುಪಾಸಿನ ತೋಟಗಳ ಮಣ್ಣು ಕೊಟ್ಟ ಗುಣ ಅದು. ಎಲೆ ಬಲಿತು ಕಪ್ಪುಹಸಿರಾಗುವ ಮೊದಲೇ ಕೊಯ್ಯಬೇಕು. ಮೊಗ್ಗಿಗೊಂದು ಹೊತ್ತು, ಎಲೆಗೊಂದು ಹೊತ್ತು.

ಅಲ್ಲಿಂದ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಊರಾಚೆಯ ಗದ್ದೆಗಳಿಗೆ ನೀರಾಗಲೆಂದು ಕಟ್ಟಿಸಿದ ಕೆರೆ ಇದು. ಈಗ ಊರೇ ಅದರ ಸುತ್ತ ಬೆಳೆದು ನಿಂತಿದೆ. ಒಂದು ದಂಡೆಗೆ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಆ ಹೆಸರಿಟ್ಟವರು ಕುವೆಂಪು. ಈ ಏರಿ ಅವರ ನಡಿಗೆಯ ದಾರಿಯೂ ಆಗಿತ್ತು. ಕಟ್ಟಿಸಿದವರ ಲೆಕ್ಕದಲ್ಲಿ ಗದ್ದೆಯಿತ್ತೇ ಹೊರತು ಕವಿತೆ ಇರಲಿಲ್ಲ. ಆದರೂ ನೀರು ನಿಂತಲ್ಲಿ ಹಕ್ಕಿ ಬಂತು, ಹಕ್ಕಿ ಬಂದಲ್ಲಿ ನೆರಳು ಬೆಳೆಯಿತು, ನೆರಳಿನಲ್ಲಿ ಕವಿ ನಡೆದರು.

ನಾವು ಹೋದಾಗ ಬಿಸಿಲು ಇನ್ನೂ ನೀರು ಮುಟ್ಟಿರಲಿಲ್ಲ. ಹೆಜ್ಜಾರ್ಲೆಗಳು ನಾಲ್ಕು, ಸಣ್ಣ ದೋಣಿಗಳ ಹಾಗೆ ಸಾಲಾಗಿ ತೇಲುತ್ತಿದ್ದವು. ನೋಡನೋಡುತ್ತಿದ್ದಂತೆ ನಾಲ್ಕೂ ಒಟ್ಟಿಗೆ ಕೊಕ್ಕು ಅದ್ದಿದವು, ಒಟ್ಟಿಗೆ ಎತ್ತಿದವು. ಕೊಕ್ಕಿನಡಿಯ ಚೀಲದಿಂದ ನೀರು ಸೋರಿಹೋಗುವ ತನಕ ತಲೆ ತಗ್ಗಿಸಿಕೊಂಡೇ ಇದ್ದು, ಆಮೇಲೆ ಮೀನು ನುಂಗಿದವು. ಒಣಗಿದ ಕೊಂಬೆಯೊಂದರ ಮೇಲೆ ಹಾವಕ್ಕಿ ರೆಕ್ಕೆ ಬಿಚ್ಚಿ ಕೂತಿತ್ತು. ಬಾತುಕೋಳಿಯ ಗರಿ ನೀರನ್ನು ಕೊಡವಿಹಾಕುತ್ತದೆ. ಹಾವಕ್ಕಿಯದು ನೀರು ಹೀರಿ ಭಾರವಾಗುತ್ತದೆ. ಆ ಭಾರದಿಂದಲೇ ಅದು ಸುಲಭವಾಗಿ ಮುಳುಗಿ ಮೀನು ಹಿಡಿಯುತ್ತದೆ. ಆದರೆ ಮೇಲೆದ್ದ ಮೇಲೆ ಬಿಸಿಲಿಗೆ ರೆಕ್ಕೆ ಹರಡಿ ಕೂರಲೇಬೇಕು.

ಬೆಳಗಿನ ನಡಿಗೆಯವರು ನಮ್ಮನ್ನು ದಾಟಿ ಹೋಗುತ್ತಲೇ ಇದ್ದರು. ಅತ್ತಿಗೆ ಕಲ್ಲುಬೆಂಚಿನಿಂದ ಏಳಲಿಲ್ಲ. “ಅದರ ರೆಕ್ಕಿ ಆರಲಿ, ಆಮ್ಯಾಲ ಹೋಗೋಣು” ಅಂದರು. ಹಕ್ಕಿ ರೆಕ್ಕೆ ಮಡಿಸಿ ಮತ್ತೆ ನೀರಿಗಿಳಿಯುವವರೆಗೆ ಕೂತೆವು. ಮಿಂಚುಳ್ಳಿ ಎರಡು ಸಲ ನೀಲಿ ಗೆರೆ ಎಳೆದು ಹೋಯಿತು. ಚಾಮುಂಡಿ ಬೆಟ್ಟ ನೀರಿನಲ್ಲಿ ಮೊದಲು ಬೂದಿಯಾಗಿ, ಆಮೇಲೆ ಹಸಿರಾಗಿ ಮೂಡಿತು.

ಹತ್ತೂವರೆಗೆ ಜಗನ್ಮೋಹನ ಅರಮನೆ. 1861ರಲ್ಲಿ ಕಟ್ಟಿದ ಈ ಅರಮನೆ 1915ರಿಂದ ಚಿತ್ರಶಾಲೆ. ರವಿವರ್ಮನ ಚಿತ್ರಗಳನ್ನು ನೋಡಲು ಬರುವವರೇ ಹೆಚ್ಚು. ನಾನು ಅತ್ತಿಗೆಯನ್ನು ಮೊದಲು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳ ಮುಂದೆ ನಿಲ್ಲಿಸಿದೆ. ದೂರದಿಂದ ನೋಡಿದರೆ ದೇವರ ಪಟ. ಹತ್ತಿರ ಹೋಗಿ, ತಲೆ ಸ್ವಲ್ಪ ಓರೆ ಮಾಡಿದರೆ ದೇವಿಯ ಸೆರಗಿನ ಅಂಚು, ಬಳೆ, ಕಿರೀಟದ ಕುಸುರಿ ಚಿತ್ರದಿಂದ ಕೂದಲೆಳೆಯಷ್ಟು ಮೇಲೆದ್ದಿರುವುದು ಬೆಳಕಿಗೆ ಸಿಗುತ್ತದೆ.

ಆ ಕೂದಲೆಳೆಯ ಹಿಂದಿನ ಕೆಲಸ ದೊಡ್ಡದು. ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿ ಹಲಗೆ ಮಾಡಿ, ಸುಟ್ಟ ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಎಳೆಯುತ್ತಾರೆ. ಬಿಳಿಯ ಪುಡಿಗೆ ಹಳದಿ ಮರದಂಟನ್ನೂ ಗೋಂದನ್ನೂ ಸೇರಿಸಿ ಅರೆದು ಲೇಪ ಮಾಡುತ್ತಾರೆ. ಆ ಲೇಪವನ್ನು ಅಳಿಲಿನ ಕೂದಲಿನ ಕುಂಚದ ತುದಿಯಿಂದ ಚುಕ್ಕಿ ಚುಕ್ಕಿಯಾಗಿ, ಎಳೆ ಎಳೆಯಾಗಿ ಇಟ್ಟು ಆಭರಣ ಎಬ್ಬಿಸುತ್ತಾರೆ. ಅದರ ಮೇಲೆ ಉಸಿರಿಗೂ ಹಾರಿಹೋಗುವಷ್ಟು ತೆಳ್ಳನೆಯ ಚಿನ್ನದ ರೇಕು. ಕೊನೆಗೆ ತೆಳು ಕಾಗದ ಹೊದಿಸಿ ನುಣುಪು ಕಲ್ಲಿನಿಂದ ಮೆಲ್ಲಗೆ ಉಜ್ಜಿದಾಗ ಹೊಳಪು. ಲೇಪ ನೀರಾದರೆ ಗೆರೆ ಹರಡುತ್ತದೆ, ಗಟ್ಟಿಯಾದರೆ ಬಿರುಕು ಬಿಡುತ್ತದೆ. ತಂಜಾವೂರಿನ ಚಿತ್ರದಲ್ಲಿ ಉಬ್ಬು ಎತ್ತರ. ಚಿನ್ನ ದಪ್ಪ, ಹರಳುಗಳೂ ಸೇರುತ್ತವೆ. ಅದರ ವೈಭವ ಕೋಣೆಯ ಈ ಕೊನೆಯಿಂದಲೇ ಕಾಣುತ್ತದೆ. ಮೈಸೂರಿನದು ತಗ್ಗಿದ ದನಿ. ಅದು ನಮ್ಮನ್ನು ಹತ್ತಿರ ಕರೆಯುತ್ತದೆ.

ಒಳಗಿನ ಕತ್ತಲ ಕೋಣೆಯಲ್ಲಿ ದೀಪ ಹಿಡಿದ ಮಹಿಳೆ ನಿಂತಿದ್ದಾಳೆ. ರವಿವರ್ಮನ ಚಿತ್ರವೆಂದು ತಪ್ಪು ತಿಳಿದು ಹೋಗುವವರು ಇವತ್ತಿಗೂ ಇದ್ದಾರೆ. ಬರೆದವರು ಸಾವಂತವಾಡಿಯ ಕಲಾವಿದ ಎಸ್. ಎಲ್. ಹಲ್ದಾಂಕರ್, ಮಾದರಿಯಾಗಿ ನಿಂತವಳು ಅವರ ಮಗಳು. ಎಡೆಬಿಡದೆ ನೋಡಬೇಕಾದದ್ದು ಅವಳ ಬೆರಳುಗಳನ್ನು. ಗಾಳಿಗೆ ಆರದಂತೆ ದೀಪಕ್ಕೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲಿ ಬೆಳಕು ರಕ್ತದ ಕೆಂಪು ತಾಳಿದೆ. ಇದು ತೈಲವರ್ಣವಲ್ಲ, ಜಲವರ್ಣ. ಜಲವರ್ಣದಲ್ಲಿ ತಪ್ಪಿದ್ದನ್ನು ಮೇಲೆ ಬಳಿದು ಮುಚ್ಚಲಾಗದು. ಬೆಳಕು ಬೇಕಾದ ಕಡೆ ಬಣ್ಣವನ್ನು ತಡೆದು, ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಅವಳ ಮುಖದ ಮೇಲಿರುವ ಹೊಳಪು ಕಲಾವಿದ ಎಲ್ಲಿ ಕೈ ತಡೆದರೋ ಅಲ್ಲಿಯದು. ಅತ್ತಿಗೆ ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ತಮ್ಮ ಕೈಯನ್ನು ಬಿಸಿಲಿಗೆ ಅಡ್ಡ ಹಿಡಿದು ಬೆರಳ ಸಂದಿ ನೋಡಿಕೊಂಡರು.

ಊಟವಾದ ಮೇಲೆ ಸಯ್ಯಾಜಿರಾವ್ ರಸ್ತೆಯಲ್ಲಿ ಮೈಸೂರು ಪಾಕ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿದ ಸಿಹಿ ಇದೆಂದು ಊರು ನೆನೆಯುತ್ತದೆ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಮೂರೇ ಸಾಮಾನು. ಒಂದೆಳೆ ಪಾಕ ಬಂದಾಗ ಹಿಟ್ಟು ಉದುರಿಸಿ, ಗಂಟಾಗದಂತೆ ಕೈಯಾಡಿಸುತ್ತ, ಕಾಯ್ದ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯಬೇಕು. ಹೊಯ್ದಾಗಲೆಲ್ಲ ಸೊರ್ರೆಂದು ಉಕ್ಕುತ್ತದೆ. ಪಾಕದ ನೀರು ಆವಿಯಾಗಿ ಹೊರಬರುವ ರಭಸಕ್ಕೆ ಒಳಗೆಲ್ಲ ಗೂಡು ಗೂಡಾಗುತ್ತದೆ. ತಟ್ಟೆಗೆ ಸುರಿದ ಮೇಲೂ ಅಡುಗೆ ಮುಗಿದಿರುವುದಿಲ್ಲ. ನಡುಭಾಗ ತನ್ನ ಬಿಸಿಯಲ್ಲೇ ಬೆಂದು ಕೆಂಪಾಗುತ್ತದೆ, ಅಂಚು ಹೊಂಬಣ್ಣದಲ್ಲೇ ಉಳಿಯುತ್ತದೆ. ಒಂದು ಕ್ಷಣ ಮೊದಲೇ ಇಳಿಸಿದರೆ ಹಲ್ವದಂತೆ ಅಂಟು. ಒಂದು ಕ್ಷಣ ತಡವಾದರೆ ಕಲ್ಲು.

ಅತ್ತಿಗೆ ತುಂಡು ಮುರಿದು ಒಳಗಿನ ಗೂಡು ನೋಡಿದರು, ಬಾಯಿಗೆ ಹಾಕಿದರು, ಕಣ್ಣು ಮುಚ್ಚಿದರು. ಅವರ ಊರಿನ ಪೇಡೆಯೂ ಇದೇ ಜಾತಿಯ ಸಿಹಿ. ಉತ್ತರದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಮನೆತನ ಧಾರವಾಡಕ್ಕೆ ಕೊಟ್ಟ ರುಚಿ. ಅಲ್ಲಿಯೂ ಖೋವಾವನ್ನು ಕಂದು ಬಣ್ಣ ತಿರುಗುವ ತನಕ, ಸೀಯದಂತೆ, ಹುರಿಯುತ್ತಲೇ ಇರಬೇಕು.

“ನಮ್ಮ ಪೇಡೇನೂ ಹಿಂಗ. ಹದಾ ಬರೂತನಕಾ ಕಾಯಬೇಕ ನೋಡು. ಹದಾ ಬಂದ ಮ್ಯಾಲೆ ಮಾತ್ರ ಒಂದ ಕ್ಷಣಾನೂ ಕಾಯಬಾರದು” ಅಂದರು.

ಹದ. ಬೆಳಗಿನಿಂದ ನಾವು ನೋಡುತ್ತ ಬಂದದ್ದಕ್ಕೆಲ್ಲ ಆ ಎರಡಕ್ಷರ ಕೀಲಿಯಂತೆ ಕೂತಿತು. ಬಿರಿಯದ ಮೊಗ್ಗು, ಬಲಿಯದ ಎಲೆ, ಬಿಸಿಲಿಗೆ ಆರುತ್ತಿದ್ದ ರೆಕ್ಕೆ, ಹರಡದೆ, ಬಿರುಕು ಬಿಡದೆ ನಿಂತ ಚಿನ್ನದ ಗೆರೆ, ತಡೆದ ಕುಂಚ. ಮಣ್ಣಿಗೆ ಹದ ಅನ್ನುತ್ತೇವೆ, ಬೆಲ್ಲಕ್ಕೆ ಅನ್ನುತ್ತೇವೆ, ಮಾತಿಗೂ ಅನ್ನುತ್ತೇವೆ. ಈ ನಗರದ ಚೆಲುವೆಲ್ಲ ಹದದ ಚೆಲುವು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದೂ ಅದನ್ನು ನನಗೆ ಹೇಳಿಕೊಡಲು ಧಾರವಾಡದವರು ಬರಬೇಕಾಯಿತು.

ಅರಮನೆಗೆ ನಡೆದೇ ಹೋದೆವು. ದಾರಿಯಲ್ಲಿ ದೊಡ್ಡ ಗಡಿಯಾರ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ಈ ಗೋಪುರದ ಮುಖದಲ್ಲಿ ಗಂಟೆಗಳು ಕನ್ನಡ ಅಂಕಿಗಳಲ್ಲಿವೆ. ಅತ್ತಿಗೆ ನಿಂತು, ಮಗ್ಗಿ ಒಪ್ಪಿಸುವ ಹುಡುಗಿಯಂತೆ ಒಂದೊಂದನ್ನೇ ಓದಿದರು.

ಅಂಬಾವಿಲಾಸ ಅರಮನೆ ಒಂದು ಮದುವೆಯ ಬೆಂಕಿಯಿಂದ ಹುಟ್ಟಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಗ ರಾಜ್ಯವನ್ನು ನೋಡಿಕೊಳ್ಳುತ್ತಿದ್ದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಹೊಸದನ್ನು ರೂಪಿಸಲು ಹೆನ್ರಿ ಇರ್ವಿನ್ ಅವರನ್ನು ಕರೆಸಿದರು. ಕೆಲಸ ಮುಗಿದದ್ದು 1912ರಲ್ಲಿ. ಹದಿನೈದು ವರ್ಷ, ಸುಮಾರು 41 ಲಕ್ಷ ರೂಪಾಯಿ. ಬೂದುಗಲ್ಲಿನ ಮೈ, ನಸುಗೆಂಪು ಗುಮ್ಮಟ, ಒಳಗೆ ಬೀಟೆ ಮರಕ್ಕೆ ದಂತ ಕೂಡಿಸಿದ ಬಾಗಿಲು.

ಎಲ್ಲವನ್ನೂ ಬಿಟ್ಟು ನಾವು ಕಲ್ಯಾಣ ಮಂಟಪದಲ್ಲಿ ಉಳಿದೆವು. ಎಂಟು ಮೂಲೆಯ ಸಭಾಂಗಣ; ಸುತ್ತ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು; ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ನವಿಲಿನ ಚಿತ್ತಾರ ನೆಲದಲ್ಲೂ ಇದೆ. ಸ್ಕಾಟ್ಲೆಂಡಿನ ಕಬ್ಬಿಣ ಇಲ್ಲಿ ಪರದೇಶಿಯಾಗಿ ಕಾಣದು, ಮದುವೆ ಚಪ್ಪರದ ಬಾಳೆ ಕಂಬದಷ್ಟು ಸಲೀಸಾಗಿ ನಿಂತಿದೆ. ಮಧ್ಯಾಹ್ನ ಮೂರರ ಬಿಸಿಲು ಗಾಜಿನಿಂದ ಇಳಿದು ಬಂದವರ ಹೆಗಲ ಮೇಲೆಲ್ಲ ನೀಲಿ, ಹಸಿರು ಚೆಲ್ಲುತ್ತಿತ್ತು. ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳು. ಆನೆ, ಕುದುರೆ, ಸೈನಿಕರು, ಗಾಡಿಗಳು. ಅವುಗಳ ಹಿಂದೆ ಮಹಡಿಗಳಲ್ಲಿ, ಕಿಟಕಿಗಳಲ್ಲಿ ಇಣುಕುವ ಸಾಮಾನ್ಯ ಜನ. ನನಗೆ ಆನೆಗಿಂತ ಆ ಜನರೇ ಇಷ್ಟ. ಪೇಟ ಕಟ್ಟಿದ ಒಬ್ಬೊಬ್ಬರಿಗೂ ಬೇರೆ ಬೇರೆ ಮುಖವಿದೆ.

ಬೀಟೆ ಮರದ ಬಾಗಿಲ ಮುಂದೆ ನಿಂತಾಗ ವೀಣೆಯ ಮಾತು ಬಂತು. ಈ ಊರಿನ ದೊಡ್ಡ ಹೆಮ್ಮೆ ವೀಣೆ ಶೇಷಣ್ಣ (1852–1926) ಇದೇ ಆಸ್ಥಾನದ ವಿದ್ವಾಂಸರು. ಅವರ ಪರಂಪರೆಯನ್ನು ನಮ್ಮ ಕಾಲದವರೆಗೆ ತಂದವರು ದೊರೆಸ್ವಾಮಿ ಅಯ್ಯಂಗಾರ್. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಜೇನುಮೇಣವನ್ನು ಕರಗಿಸಿ, ಅದು ಗಟ್ಟಿಯಾಗುವ ಮುನ್ನ, ಕಿವಿಗೊಟ್ಟು ಸ್ವರ ನೋಡುತ್ತ ಒಂದೊಂದು ಮೆಟ್ಟಿಲನ್ನೂ ಕೂರಿಸಬೇಕು. ಮಲ್ಲಿಕಾರ್ಜುನ ಮನ್ಸೂರರ ಊರಿನಿಂದ ಬಂದ ಅತ್ತಿಗೆಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. “ಮೇಣಕ್ಕೂ ಹದಾನ” ಅಂದು ನಕ್ಕರು.

ನಾಲ್ಕೂವರೆಗೆ ಬಸ್ಸು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋದೆವು. ಬುಡದಿಂದ ಸಾವಿರ ಮೆಟ್ಟಿಲು ಏರುವ ದಾರಿ ಇದೆ; ಅತ್ತಿಗೆಯ ಮಂಡಿ ಒಪ್ಪಲಿಲ್ಲ. ಅಮ್ಮನವರ ದರ್ಶನ ಮುಗಿಸಿ, ಮೇಲಿನಿಂದ ಸುಮಾರು ಮುನ್ನೂರು ಮೆಟ್ಟಿಲು ಇಳಿದರೆ ನಂದಿ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಇದ್ದಲ್ಲೇ ಇದ್ದ ಒಂದೇ ಬಂಡೆಯನ್ನು ಕಡೆದು ಮಾಡಿದ್ದು. ಹದಿನಾರು ಅಡಿ ಎತ್ತರದ ಕಲ್ಲು ಇಷ್ಟು ಹಗುರವಾಗಿ ಮೈ ಚೆಲ್ಲಿ ಮಲಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊರಳ ಗಂಟೆಗಳ ಸರ ಎದೆಯ ಮೇಲೆ ತನ್ನ ಭಾರಕ್ಕೆ ತಾನೇ ಇಳಿಬಿದ್ದಿದೆ. ಗಂಗೆದೊಗಲು ಮಡಿಕೆ ಮಡಿಕೆಯಾಗಿ ಮೃದುವಾಗಿದೆ. ಇನ್ನೊಂದು ಉಳಿಪೆಟ್ಟು ಹೆಚ್ಚು ಬಿದ್ದಿದ್ದರೆ ಅದು ಬರಿಯ ಕುಸುರಿಯಾಗುತ್ತಿತ್ತು, ಒಂದು ಕಡಿಮೆಯಾಗಿದ್ದರೆ ಬಂಡೆಯಾಗಿಯೇ ಉಳಿಯುತ್ತಿತ್ತು. ಹೆಸರು ಬಿಟ್ಟುಹೋಗದ ಆ ಶಿಲ್ಪಿ ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲವನು.

ನೋಟದ ಕಟ್ಟೆಗೆ ಬಂದಾಗ ಕೆಳಗೆ ಊರೆಲ್ಲ ಸಂಜೆಯ ಹೊಗೆಬಣ್ಣದಲ್ಲಿತ್ತು. ಪಟ್ಟಿಯ ಉಳಿದ ಜಾಗಗಳನ್ನು ಅಲ್ಲಿಂದಲೇ ಬೆರಳು ಮಾಡಿ ತೋರಿಸಿದೆ. ಅಗೋ ಬೆಳ್ಳಗೆ ಲಲಿತಮಹಲು. ಅದರೀಚೆ ಹೊಳೆಯುತ್ತಿರುವುದು ಕಾರಂಜಿ ಕೆರೆ, ಪಕ್ಕದ ಮರಗಳ ಗುಂಪಿನಲ್ಲಿ 1892ರಿಂದ ಇರುವ ಮೃಗಾಲಯ. ದೂರದಲ್ಲಿ ಜೋಡಿ ಶಿಖರದ ಸಂತ ಫಿಲೋಮಿನಾ ಚರ್ಚು. ಗುಲ್‌ಮೊಹರ್ ಹೂಬಿಟ್ಟ ಬೀದಿಗಳು ಅಲ್ಲಲ್ಲಿ ಕೆಂಡದ ಗೆರೆಯಂತಿದ್ದವು. 1890ರ ದಶಕದ ಕೊನೆಯಲ್ಲಿ ಬಂದ ಪ್ಲೇಗು ಈ ಊರನ್ನು ಬಹಳ ಕಾಡಿತ್ತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕಿನ ಬಡಾವಣೆಗಳನ್ನು ಮಾಡಲೆಂದು 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಮನೆಗಳ ನಡುವೆ ಇಷ್ಟೊಂದು ಹಸಿರು ಕಾಣುವುದಕ್ಕೆ ಹಿಂದಿನವರ ಆ ಎಚ್ಚರವೂ ಕಾರಣ. ಅದನ್ನು ಉಳಿಸಿಕೊಳ್ಳುವ ಎಚ್ಚರ ಈಗ ನಮ್ಮದಾಗಬೇಕು. ಬೆಟ್ಟದ ಬುಡದವರೆಗೂ ಏರಿ ಬರುತ್ತಿರುವ ಕಟ್ಟಡಗಳನ್ನು ನೋಡಿದಾಗ ಎದೆ ಭಾರವಾಗುತ್ತದೆ.

ಬೆಟ್ಟ ಇಳಿದು ಅರಮನೆಯ ಅಂಗಳಕ್ಕೆ ಮರಳಿದಾಗ ಏಳಕ್ಕೆ ಹತ್ತು ನಿಮಿಷವಿತ್ತು. ಅಂದು ಭಾನುವಾರ. ಭಾನುವಾರ ಮತ್ತು ಹಬ್ಬದ ದಿನಗಳ ಸಂಜೆ ಈ ಅರಮನೆ ಸ್ವಲ್ಪ ಹೊತ್ತು ದೀಪ ಉಡುತ್ತದೆ. ಹುಲ್ಲಿನ ಮೇಲೆ ಸಂಸಾರಗಳು ಕೂತಿದ್ದವು. ಮಕ್ಕಳು ಕಡಲೆಕಾಯಿ ಸುಲಿಯುತ್ತಿದ್ದರು. ಅತ್ತಿಗೆ ಬಾಳೆ ಎಲೆಯ ಪೊಟ್ಟಣ ಬಿಚ್ಚಿದರು. ಮೊಗ್ಗಿನ ತುದಿ ಸ್ವಲ್ಪ ಸಡಿಲವಾಗಿತ್ತು. ನಾನೇ ಅವರ ತುರುಬಿಗೆ ಮುಡಿಸಿದೆ.

ಮರುಕ್ಷಣ ಅಂಗಳದ ತುಂಬ ಒಂದೇ ಉಸಿರು. ಸುಮಾರು ಒಂದು ಲಕ್ಷ ದೀಪಗಳು ಒಟ್ಟಿಗೆ ಹೊತ್ತಿದವು. ಕಮಾನು, ಗುಮ್ಮಟ, ಬಾಗಿಲು, ಕೋಟೆಯ ಗೋಡೆ ಎಲ್ಲ ರೇಖೆಯಷ್ಟೇ ಆಗಿ, ಬೆಳಗ್ಗೆ ನೋಡಿದ್ದ ಚಿನ್ನದ ಕುಸುರಿಯೇ ಆಕಾಶದ ಮೇಲೆದ್ದಂತೆ ಕಂಡಿತು. ಕಣ್ಣು ಕುಕ್ಕುವ ಬಣ್ಣದ ದೀಪಗಳಲ್ಲ ಅವು, ಸಣ್ಣ ಸಣ್ಣ ಹೊಂಬಣ್ಣದ ಬಲ್ಬುಗಳು. ಒಂದೊಂದೇ ನೋಡಿದರೆ ದೇವರ ಮನೆಯ ದೀಪದಷ್ಟು ಮೆತ್ತಗೆ. ಅತ್ತಿಗೆ ಫೋನು ತೆಗೆಯಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಇದ್ದರು.

ಮುಕ್ಕಾಲು ಗಂಟೆಯಲ್ಲಿ ದೀಪಗಳು ಆರಿದವು. ಕಣ್ಣಿಗೆ ಕತ್ತಲು ಒಗ್ಗುವ ತನಕ ಯಾರೂ ಏಳಲಿಲ್ಲ. ನೋಡಲು ಏನೂ ಇಲ್ಲದ ಆ ಅರೆಗಳಿಗೆಯಲ್ಲಿ ಪಕ್ಕದಿಂದ ಮಲ್ಲಿಗೆಯ ಪರಿಮಳ ಬಂತು. ಮೊದಲು ತಣ್ಣಗೆ, ಆಮೇಲೆ ಉಸಿರು ತುಂಬುವಷ್ಟು. ಬೆಳಗಿನಿಂದ ಚೀಲದಲ್ಲಿ ಸುಮ್ಮನೆ ಕೂತು ನಮ್ಮ ಜೊತೆ ಊರೆಲ್ಲ ಸುತ್ತಿದ್ದ ಎರಡು ಮೊಳವೂ ಬಿರಿದಿತ್ತು.

ಅತ್ತಿಗೆ ಮೆಲ್ಲಗೆ ತುರುಬು ಮುಟ್ಟಿ ನೋಡಿಕೊಂಡರು. “ಆಕಿ ಹೇಳಿದ್ದು ಖರೇ” ಅಂದರು.